ಹಳ್ಳಿಗೆ ಕಡಿಮೆ ಬೆಲೆಯ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟೂರಿನ ಶಾಲೆಗೋ ಪಂಚಾಯಿತಿ ಗ್ರಂಥಾಲಯಕ್ಕೋ ಕಂಪ್ಯೂಟರ್ ಕೊಡಿಸಬೇಕೆಂದು ಮುಂದೆ ಬರುವ ಹಳೆಯ ವಿದ್ಯಾರ್ಥಿ ಸಂಘಗಳು, ಯುವಕ ಮಂಡಳಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ದೂರದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ರಾಜ್ಯದಲ್ಲೂ ಪೆರು, ಉರುಗ್ವೆಯಂಥ ದೂರದ ದೇಶಗಳಲ್ಲೂ ಇದೇ ಆಸೆಯಿಂದ ದೊಡ್ಡ ದೊಡ್ಡ ಪ್ರಯತ್ನಗಳು ನಡೆದಿವೆ. ಅವುಗಳ ಅನುಭವವನ್ನು ಮುಂದಿಟ್ಟುಕೊಂಡೇ ಉತ್ತರಿಸಿದ್ದೇವೆ.

ಕಡಿಮೆ ಬೆಲೆಯ ಕಂಪ್ಯೂಟರ್ ಎಂದರೆ ನಿಜವಾಗಿ ಎಷ್ಟು ಖರ್ಚು?

ಅಂಗಡಿಯಲ್ಲಿ ಕೊಡುವ ಬೆಲೆ ಒಟ್ಟು ಖರ್ಚಿನ ಒಂದು ಸಣ್ಣ ಭಾಗ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಒಮ್ಮೆ ಬಳಸಿ ಸರಿಪಡಿಸಿದ ಡೆಸ್ಕ್‌ಟಾಪ್‌ಗೆ 15,000 ರೂಪಾಯಿ, ಇನ್ವರ್ಟರ್ ಮತ್ತು ಬ್ಯಾಟರಿಗೆ 20,000, ಮೇಜು, ವೈರಿಂಗ್ ಮತ್ತು ಅರ್ತಿಂಗ್‌ಗೆ 5,000, ತಿಂಗಳಿಗೆ 500ರಂತೆ ಐದು ವರ್ಷದ ಇಂಟರ್ನೆಟ್‌ಗೆ 30,000, ನಡುವೆ ಒಮ್ಮೆ ಬ್ಯಾಟರಿ ಬದಲಿಸಲು 12,000, ವರ್ಷಕ್ಕೆ 2,000ದಂತೆ ರಿಪೇರಿಗೆ 10,000 ಎಂದು ಇಟ್ಟುಕೊಂಡರೆ ಐದು ವರ್ಷಕ್ಕೆ 92,000 ರೂಪಾಯಿ ಆಗುತ್ತದೆ. ಊರೂರಿಗೆ ಈ ಅಂಕಿಗಳು ಬದಲಾಗಬಹುದು, ಆದರೆ ಯಂತ್ರದ ಬೆಲೆ ಆರನೆಯ ಒಂದು ಪಾಲಿನ ಆಸುಪಾಸಿನಲ್ಲೇ ಉಳಿಯುತ್ತದೆ. ಅದನ್ನು ನೋಡಿಕೊಳ್ಳುವವರ ಗೌರವಧನವನ್ನು ಇಲ್ಲಿ ಸೇರಿಸಿಯೇ ಇಲ್ಲ. ದಾನಿಗಳು ಸಾಮಾನ್ಯವಾಗಿ ಮೊದಲ ಸಾಲಿನ 15,000ಕ್ಕೆ ಮಾತ್ರ ಹಣ ಕೂಡಿಸುತ್ತಾರೆ, ಉಳಿದ ಸಾಲುಗಳು ಊರಿನವರ ತಲೆಯ ಮೇಲೆ ಬೀಳುತ್ತವೆ.

ಬೆಂಗಳೂರಿನಲ್ಲೇ ತಯಾರಾದ ಸಿಂಪ್ಯೂಟರ್ ಏಕೆ ಹಳ್ಳಿಗಳನ್ನು ತಲುಪಲಿಲ್ಲ?

ಈ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸಬೇಕು, ಏಕೆಂದರೆ ಸಿಂಪ್ಯೂಟರ್‌ನ ಹಿಂದಿದ್ದ ಆಲೋಚನೆ ಅದರ ಕಾಲಕ್ಕಿಂತ ಬಹಳ ಮುಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಅವರು ತೋರಿಸಿದ ಮಾದರಿ ಅಂಗೈಯಲ್ಲಿ ಹಿಡಿಯುವಷ್ಟಿತ್ತು, ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್ ಎಂಬ ಉಚಿತ ತಂತ್ರಾಂಶದಿಂದ ನಡೆಯುತ್ತಿತ್ತು, ಬೆರಳು ಅಥವಾ ಕಡ್ಡಿಯಿಂದ ಮುಟ್ಟಿ ಬಳಸುವ ಪರದೆಯನ್ನು ಹೊಂದಿತ್ತು, ಮತ್ತು ಬರಹವನ್ನು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ಉದ್ದೇಶವನ್ನು ಇಟ್ಟುಕೊಂಡಿತ್ತು. ಎಲ್ಲಕ್ಕಿಂತ ಜಾಣತನದ ಅಂಶ ಅದರ ಸ್ಮಾರ್ಟ್ ಕಾರ್ಡ್ ಕಿಂಡಿ. ಒಬ್ಬೊಬ್ಬರೂ ಯಂತ್ರ ಕೊಳ್ಳಬೇಕಾಗಿಲ್ಲ, ಪಂಚಾಯಿತಿಯೋ ಅಂಗಡಿಯವರೋ ಒಂದನ್ನು ಇಟ್ಟುಕೊಂಡು ಬಾಡಿಗೆಗೆ ಕೊಟ್ಟರೆ ಸಾಕು, ತನ್ನ ಮಾಹಿತಿ ತುಂಬಿದ ಕಾರ್ಡನ್ನು ತಂದ ರೈತನಿಗೆ ಆ ಯಂತ್ರ ಆ ಹೊತ್ತಿನ ಮಟ್ಟಿಗೆ ತನ್ನದಾಗುತ್ತದೆ ಎಂಬುದು ಅವರ ಲೆಕ್ಕವಾಗಿತ್ತು.

ಗುರಿಯಿಟ್ಟಿದ್ದ ಬೆಲೆ ಸುಮಾರು 9,000 ರೂಪಾಯಿ. 2004ರ ಮಾರ್ಚ್‌ನಲ್ಲಿ ಸರ್ಕಾರಿ ಕಂಪನಿ ಬಿಇಎಲ್ ತಯಾರಿಸಿದ 'ಅಮಿಡ' ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಕಪ್ಪು-ಬಿಳುಪು ಪರದೆಯ ಮಾದರಿಗೆ ಸುಮಾರು 10,000, ಬಣ್ಣದ ಪರದೆಯದಕ್ಕೆ ಸುಮಾರು 20,000 ರೂಪಾಯಿ ಇತ್ತು. ಮಾರಾಟವಾದದ್ದು ಕೆಲವೇ ಸಾವಿರ. ಲಕ್ಷಗಟ್ಟಲೆ ತಯಾರಿಸಿದರೆ ಮಾತ್ರ ಬೆಲೆ ಇಳಿಯುತ್ತಿತ್ತು, ಬೆಲೆ ಇಳಿದರೆ ಮಾತ್ರ ಲಕ್ಷಗಟ್ಟಲೆ ಬೇಡಿಕೆ ಬರುತ್ತಿತ್ತು. ಆ ಗಂಟನ್ನು ಬಿಚ್ಚಬಲ್ಲ ದೊಡ್ಡ ಸರ್ಕಾರಿ ಖರೀದಿ ಆಗಲೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಇನ್ನೊಂದು ಕೊರತೆಯೂ ಅಷ್ಟೇ ಮುಖ್ಯ: ಕಾರ್ಡ್ ಹಿಡಿದು ಬಂದ ರೈತ ಅದರಲ್ಲಿ ಯಾವ ಕೆಲಸ ಮುಗಿಸಿಕೊಂಡು ಹೋಗಬೇಕು ಎಂಬುದಕ್ಕೆ ಅಂದು ಸಿದ್ಧ ಉತ್ತರ ಇರಲಿಲ್ಲ. ಪಹಣಿ, ಮಾರುಕಟ್ಟೆ ದರ, ಬ್ಯಾಂಕ್ ಲೆಕ್ಕ ಯಾವುದೂ ಅಂಗೈ ಯಂತ್ರಕ್ಕೆ ಬಂದು ತಲುಪುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಮಾತನಾಡಬೇಕೆಂಬ ಒಂದೇ ಅಗತ್ಯವನ್ನು ಹಿಡಿದು ಹಳ್ಳಿಯನ್ನು ಹೊಕ್ಕಿತ್ತು.

ನೂರು ಡಾಲರ್ ಲ್ಯಾಪ್‌ಟಾಪ್ ಯೋಜನೆಯಿಂದ ಏನು ಕಲಿಯಬಹುದು?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಘೋಷಿಸಿದ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯ ಹಸಿರು-ಬಿಳಿ ಯಂತ್ರ ಎಂಜಿನಿಯರಿಂಗ್ ದೃಷ್ಟಿಯಿಂದ ಇಂದಿಗೂ ಮೆಚ್ಚುವಂಥದ್ದು. ಬಿಸಿಲಿನಲ್ಲೂ ಓದಬಹುದಾದ ಪರದೆ, ದೂಳು ಮತ್ತು ನೀರಿನ ಹನಿಯನ್ನು ತಡೆಯುವ ರಬ್ಬರಿನ ಕೀಲಿಮಣೆ, ಪಕ್ಕದ ಲ್ಯಾಪ್‌ಟಾಪಿನ ಜೊತೆ ನೇರವಾಗಿ ಜಾಲ ಕಟ್ಟಿಕೊಳ್ಳುವ ಶಕ್ತಿ, ಬಹಳ ಕಡಿಮೆ ವಿದ್ಯುತ್ ಬಳಕೆ ಎಲ್ಲವೂ ಅದರಲ್ಲಿದ್ದವು. 2005ರ ನವೆಂಬರ್‌ನಲ್ಲಿ ಟ್ಯೂನಿಸ್‌ನಲ್ಲಿ ತೋರಿಸಿದ ಮಾದರಿಗೆ ವಿದ್ಯುತ್ ತುಂಬಲು ಕೈಯಿಂದ ತಿರುಗಿಸುವ ಹಿಡಿಕೆ ಇತ್ತು. ಜನರಿಗೆ ತಲುಪಿದ ಯಂತ್ರದಲ್ಲಿ ಅದು ಇರಲಿಲ್ಲ. 2007ರ ಕೊನೆಗೆ ದೊಡ್ಡ ಪ್ರಮಾಣದ ತಯಾರಿಕೆ ಶುರುವಾದಾಗ ಬೆಲೆ 100 ಡಾಲರ್‌ನಿಂದ ಸುಮಾರು 188 ಡಾಲರ್‌ಗೆ ಏರಿತ್ತು. ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಯೋಜನೆಯನ್ನು ಒಪ್ಪದೆ ಬಿಟ್ಟಿತು. ಆದರೂ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾಟ್ ಎಂಬ ಹಳ್ಳಿಯ ಶಾಲೆಯಲ್ಲಿ 2007ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು.

ಪೆರು ಮತ್ತು ಉರುಗ್ವೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪಾಠ ಸ್ಪಷ್ಟವಾಗುತ್ತದೆ. ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. ಅವುಗಳಲ್ಲಿ ಬಹಳಷ್ಟು ಹೋದದ್ದು ಆಂಡಿಸ್ ಬೆಟ್ಟಗಳ ಇಂಟರ್ನೆಟ್ ಇಲ್ಲದ ಪುಟ್ಟ ಶಾಲೆಗಳಿಗೆ. ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ 319 ಶಾಲೆಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ಕೈಗೆ ಯಂತ್ರ ಬಂದದ್ದು ನಿಜವಾದರೂ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಅಳೆಯಬಹುದಾದ ಸುಧಾರಣೆ ಕಾಣಲಿಲ್ಲ. ಅದೇ ಯಂತ್ರವನ್ನು 2007ರಿಂದ ಹಂಚಿದ ಉರುಗ್ವೆ 'ಸೆಯ್ಬಾಲ್' ಎಂಬ ಶಾಶ್ವತ ಸಂಸ್ಥೆಯನ್ನು ಕಟ್ಟಿತು, ಶಾಲೆಗಳಿಗೆ ಇಂಟರ್ನೆಟ್ ಎಳೆಸಿತು, ರಿಪೇರಿಗೆ ವ್ಯವಸ್ಥೆ ಮಾಡಿತು, ಇಂಗ್ಲಿಷ್ ಶಿಕ್ಷಕರಿಲ್ಲದ ಶಾಲೆಗಳಿಗೆ ದೂರದಿಂದ ವೀಡಿಯೊ ಮೂಲಕ ಪಾಠ ಹೇಳಿಸಿತು. ಸೆಯ್ಬಾಲ್ ಇಂದಿಗೂ ನಡೆಯುತ್ತಿದೆ. ಉರುಗ್ವೆ ಸುಮಾರು ಮೂವತ್ತೈದು ಲಕ್ಷ ಜನರ, ಹೆಚ್ಚಾಗಿ ಪಟ್ಟಣವಾಸಿಗಳ ದೇಶ ಎಂಬುದನ್ನೂ ಮರೆಯಬಾರದು. ನಮ್ಮ ಒಂದೆರಡು ಜಿಲ್ಲೆಗಳಷ್ಟೇ ಜನಸಂಖ್ಯೆ ಅದು. ಆದರೆ ಅಷ್ಟು ಚಿಕ್ಕ ದೇಶಕ್ಕೂ ಇದನ್ನು ನಡೆಸಲು ಪ್ರತ್ಯೇಕ ಸಂಸ್ಥೆಯೇ ಬೇಕಾಯಿತು.

ಸರ್ಕಾರದ 'ಆಕಾಶ್' ಟ್ಯಾಬ್ಲೆಟ್ ಏನಾಯಿತು?

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆಯಾದ ಆಕಾಶ್‌ನಲ್ಲಿ ಏಳು ಅಂಗುಲದ ಪರದೆ, 256 ಎಂಬಿ ರ‍್ಯಾಮ್ (ಕೆಲಸದ ಹೊತ್ತಿನ ನೆನಪು) ಮತ್ತು 366 ಮೆಗಾಹರ್ಟ್ಸ್ ಪ್ರೊಸೆಸರ್ ಇದ್ದವು. ಪರದೆಯನ್ನು ಒತ್ತಿ ಒತ್ತಿ ಬಳಸಬೇಕಾಗಿತ್ತು, ಬ್ಯಾಟರಿ ಎರಡು ಮೂರು ಗಂಟೆಯಲ್ಲಿ ಬರಿದಾಗುತ್ತಿತ್ತು. ಮರುವರ್ಷ ಬಂದ ಆಕಾಶ್-2 ಎಷ್ಟೋ ಉತ್ತಮವಾಗಿತ್ತು, ಆದರೆ ಮೊದಲ ಯಂತ್ರ ತಂದ ನಿರಾಸೆ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಬೆಲೆಯನ್ನು ಮೊದಲು ಗೊತ್ತುಮಾಡಿ ಆಮೇಲೆ ಅದಕ್ಕೆ ತಕ್ಕಂತೆ ಯಂತ್ರವನ್ನು ಕತ್ತರಿಸಿದರೆ ಹೀಗಾಗುತ್ತದೆ. ಬಡ ಮಗುವಿಗೆ ಕೊಡುವ ಮೊದಲ ಕಂಪ್ಯೂಟರ್ ನಿಧಾನವಾಗಿ ಸತಾಯಿಸಿದರೆ, ಆ ಮಗು ಯಂತ್ರದ ಬಗ್ಗೆ ಬೇಸರಪಡುವುದಿಲ್ಲ, ತನಗೇ ಬಳಸಲು ಬರುವುದಿಲ್ಲ ಎಂದುಕೊಳ್ಳುತ್ತದೆ. ಇದು ನಮ್ಮನ್ನು ಬಹಳ ನೋಯಿಸುವ ಸಂಗತಿ.

ಹಾಗಾದರೆ ಹಳ್ಳಿಯವರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಕಂಪ್ಯೂಟರ್ ಯಾವುದು?

ಕರ್ನಾಟಕದ ಮಟ್ಟಿಗೆ ಮೊದಲ ಉತ್ತರ 'ಭೂಮಿ'. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2001ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗುವಂತೆ ಮಾಡಲಾಯಿತು. ರೈತ ಆ ಯಂತ್ರವನ್ನು ಮುಟ್ಟಲೇ ಇಲ್ಲ. ಆದರೂ ಅದು ಅವನ ಕೆಲಸ ಮಾಡಿಕೊಟ್ಟಿತು. ತಾಲ್ಲೂಕಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತಿತ್ತು ಎಂಬ ದೂರು ನ್ಯಾಯವಾದದ್ದೇ. ಅದರ ಪರಿಹಾರಕ್ಕಾಗಿಯೇ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು, ಅನಂತರ ಗ್ರಾಮ ಒನ್ ಕೇಂದ್ರಗಳು ಬಂದವು.

ಇನ್ನೊಂದು ಉದಾಹರಣೆ ಪುದುಚೇರಿಯ ವೀರಾಂಪಟ್ಟಿಣಂ ಎಂಬ ಮೀನುಗಾರರ ಊರಿನದು. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ 1998ರಿಂದ ಆ ಪ್ರದೇಶದಲ್ಲಿ ಗ್ರಾಮ ಮಾಹಿತಿ ಕೇಂದ್ರಗಳನ್ನು ತೆರೆಯಿತು. ಅಮೆರಿಕದ ನೌಕಾಪಡೆ ಅಂತರಜಾಲದಲ್ಲಿ ಪ್ರಕಟಿಸುತ್ತಿದ್ದ ಅಲೆಯ ಎತ್ತರದ ಮುನ್ಸೂಚನೆಯನ್ನು ಇಳಿಸಿಕೊಂಡು, ತಮಿಳಿನಲ್ಲಿ ಧ್ವನಿವರ್ಧಕದ ಮೂಲಕ ಇಡೀ ಊರಿಗೆ ಕೇಳಿಸುತ್ತಿದ್ದರು. ಕಂಪ್ಯೂಟರ್ ಇದ್ದದ್ದು ಬೆರಳೆಣಿಕೆಯಷ್ಟು, ಪ್ರಯೋಜನ ಪಡೆದದ್ದು ದೋಣಿ ಇಳಿಸುವ ಪ್ರತಿಯೊಂದು ಮನೆ. ಓದು ಬಾರದವರಿಗೂ ಅದು ತಲುಪಿತು.

ಕರೆಂಟು ಸರಿಯಾಗಿ ಇರುವುದಿಲ್ಲ. ಸೋಲಾರ್ ಹಾಕಿಸಿದರೆ ಸಾಕೇ?

ಮೊದಲು ಯಂತ್ರ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ನೋಡಬೇಕು. 100 ವ್ಯಾಟಿನ ಒಂದು ಫಲಕ ಒಳ್ಳೆಯ ಬಿಸಿಲಿನ ಐದು ಗಂಟೆಯಲ್ಲಿ 500 ವ್ಯಾಟ್-ಗಂಟೆ ಕೊಡುತ್ತದೆ, ಬ್ಯಾಟರಿ ಮತ್ತು ಇನ್ವರ್ಟರ್‌ನಲ್ಲಿ ಆಗುವ ನಷ್ಟ ಕಳೆದರೆ ಕೈಗೆ ಸುಮಾರು 350 ಸಿಗುತ್ತದೆ. ಮಾನಿಟರ್ ಸೇರಿ 120 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ಇದರಲ್ಲಿ ಮೂರು ಗಂಟೆಯೂ ನಡೆಯದು, 40 ವ್ಯಾಟಿನ ಲ್ಯಾಪ್‌ಟಾಪ್ ಎಂಟು ಗಂಟೆಯ ಮೇಲೆ ನಡೆಯುತ್ತದೆ. 2012ರಲ್ಲಿ 35 ಡಾಲರ್‌ಗೆ ಬಂದ ರಾಸ್ಪ್‌ಬೆರಿ ಪೈಯಂಥ ಬೋರ್ಡ್ ಐದಾರು ವ್ಯಾಟಿನಲ್ಲೇ ಕೆಲಸ ಮಾಡುತ್ತದೆ, ಅದರ ಪರದೆಗೆ ಬೇಕಾದದ್ದೇ ಹೆಚ್ಚು. ಆದ್ದರಿಂದ ವಿದ್ಯುತ್ ಕೊರತೆಯ ಊರಿಗೆ ಅಗ್ಗದ ಹಳೆಯ ಡೆಸ್ಕ್‌ಟಾಪ್ ಕೊಡುವುದು ಕೊನೆಗೆ ದುಬಾರಿಯಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಫಲಕವನ್ನೇ ನೆಚ್ಚಿಕೊಳ್ಳಲಾಗದು. ಅಲ್ಲಿ ಸಿಡಿಲಿನ ಭಯವೂ ಇದೆ. ಒಳ್ಳೆಯ ಅರ್ತಿಂಗ್ ಹಾಕಿಸಿ, ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಮೋಡೆಮ್ಮಿನ ತಂತಿಯನ್ನೂ ಕಿತ್ತಿಡುವ ಅಭ್ಯಾಸ ಮಾಡಿಸಬೇಕು.

ಕೆಟ್ಟರೆ ಯಾರು ಸರಿಮಾಡುತ್ತಾರೆ?

ಯಾರೇ ಕಂಪ್ಯೂಟರ್ ಕೊಡಲು ಹೊರಟರೂ ನಾವು ಮೊದಲು ಕೇಳುವ ಪ್ರಶ್ನೆ ಇದು. ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದ ಶಾಲೆಗಳಲ್ಲಿ ನಾವು ಯಂತ್ರಗಳನ್ನು ಬಿಚ್ಚಿ ನೋಡಿದಾಗ ಕಂಡ ದೋಷಗಳು ಬಹುಪಾಲು ಚಿಕ್ಕವು. ಒಂದು ಶಾಲೆಯಲ್ಲಿ ಎರಡು ವರ್ಷ ಮುಚ್ಚಿಟ್ಟಿದ್ದ ಯಂತ್ರಕ್ಕೆ ಬೇಕಾಗಿದ್ದದ್ದು ರ‍್ಯಾಮ್ ಹೊರತೆಗೆದು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದಷ್ಟೇ. ಇನ್ನೊಂದರಲ್ಲಿ ಇಂಟರ್ನೆಟ್ ಸಂಪರ್ಕ ಇದ್ದರೂ ಯಾವ ಪುಟವೂ ತೆರೆಯುತ್ತಿರಲಿಲ್ಲ. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತು, ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು. ದಿನಾಂಕ ತಪ್ಪಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಹತ್ತಾರು ರೂಪಾಯಿಯ ಆ ಬ್ಯಾಟರಿ ಬದಲಿಸಿದ ಮೇಲೆ ಎಲ್ಲ ಸರಿಹೋಯಿತು. ಮಿಕ್ಕಂತೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆ ಸುಟ್ಟಿರುವುದು, ಫ್ಯಾನಿಗೆ ದೂಳು ಕಟ್ಟಿರುವುದು, ಕ್ಯಾಬಿನೆಟ್ಟಿನೊಳಗೆ ಇರುವೆ ಗೂಡು ಕಟ್ಟಿರುವುದು ಅಥವಾ ಹಲ್ಲಿ ಸಿಕ್ಕಿಕೊಂಡು ಸತ್ತಿರುವುದು ಸಾಮಾನ್ಯ.

ಇವನ್ನು ಸರಿಪಡಿಸಲು ಎಂಜಿನಿಯರ್ ಬೇಕಿಲ್ಲ, ಆದರೆ ಯಂತ್ರವನ್ನು ಬಿಚ್ಚಲು ಧೈರ್ಯವೂ ಅನುಮತಿಯೂ ಇರುವ ಒಬ್ಬರು ಊರಿನಲ್ಲೇ ಇರಬೇಕು. ತಾಲ್ಲೂಕು ಪೇಟೆಯ ಮೆಕ್ಯಾನಿಕ್ ಬಂದುಹೋಗುವ ಖರ್ಚು ಬಿಡಿಭಾಗದ ಬೆಲೆಗಿಂತ ಹಲವು ಪಟ್ಟು ಹೆಚ್ಚು. ಮೋಟಾರ್ ವೈಂಡಿಂಗ್ ಮಾಡುವವರು, ಮೊಬೈಲ್ ರಿಪೇರಿ ಅಂಗಡಿಯ ಹುಡುಗರು, ಐಟಿಐ ಓದಿ ಊರಲ್ಲೇ ಉಳಿದ ಹೆಣ್ಣುಮಕ್ಕಳು ಈ ಕೆಲಸವನ್ನು ಕೆಲವೇ ದಿನಗಳಲ್ಲಿ ಕಲಿಯುತ್ತಾರೆ. ಕೇರಳದಲ್ಲಿ ಸರ್ಕಾರಿ ಶಾಲೆಗಳ ತಂತ್ರಜ್ಞಾನವನ್ನು ನೋಡಿಕೊಳ್ಳುವ 'ಕೈಟ್' ಸಂಸ್ಥೆ 2018ರಿಂದ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕೂಟಗಳನ್ನು ನಡೆಸುತ್ತಿದೆ. ಅಲ್ಲಿನ ಮಕ್ಕಳೇ ಶಾಲೆಯ ಉಪಕರಣಗಳ ನಿರ್ವಹಣೆಗೂ ಕೈಜೋಡಿಸುತ್ತಾರೆ. ದಾನದ ಹಣದಲ್ಲಿ ಹತ್ತನೆಯ ಕಂಪ್ಯೂಟರನ್ನು ಬಿಟ್ಟು, ಆ ಹಣದಿಂದ ಒಂದು ಸ್ಕ್ರೂಡ್ರೈವರ್ ಸೆಟ್, ಮಲ್ಟಿಮೀಟರ್, ಎರಡು ಎಸ್‌ಎಂಪಿಎಸ್, ಒಂದೆರಡು ರ‍್ಯಾಮ್, ಹತ್ತು ನಾಣ್ಯ ಬ್ಯಾಟರಿ ಮತ್ತು ಇಬ್ಬರ ತರಬೇತಿಯನ್ನು ಕೊಡಿ ಎಂದು ನಾವು ಒತ್ತಾಯಪೂರ್ವಕವಾಗಿ ಹೇಳುತ್ತೇವೆ.

ಕೋಣೆಗೆ ಬೀಗ ಹಾಕಿಡುವುದೇಕೆ?

ಕಂಪ್ಯೂಟರ್ ಶಾಲೆಯ ಡೆಡ್ ಸ್ಟಾಕ್ ರಿಜಿಸ್ಟರಿಗೆ (ಬಾಳಿಕೆ ಬರುವ ಸಾಮಗ್ರಿಗಳ ಲೆಕ್ಕಪುಸ್ತಕಕ್ಕೆ) ಏರಿದ ದಿನದಿಂದ ಅದು ಮುಖ್ಯ ಶಿಕ್ಷಕರ ಹೊಣೆ. ಕಳುವಾದರೆ, ಒಡೆದರೆ ಉತ್ತರ ಹೇಳಬೇಕಾದವರು ಅವರು. ಬಳಸದೆ ಇಟ್ಟರೆ ಕೇಳುವವರು ಯಾರೂ ಇಲ್ಲ. ಹೀಗಿರುವಾಗ ಬೀಗ ಹಾಕುವವರನ್ನು ದೂರುವುದು ಅನ್ಯಾಯ. ಕೊಡುವಾಗಲೇ ಎಸ್‌ಡಿಎಂಸಿ ಸಭೆಯಲ್ಲಿ ಒಂದು ನಿರ್ಣಯ ಬರೆಸಿ: ಬಳಸುವಾಗ ಕೆಟ್ಟರೆ ಶಿಕ್ಷಕರು ಹೊಣೆಯಲ್ಲ, ರಿಪೇರಿಗೆ ಸಮಿತಿಯ ಇಂಥ ಹಣ ಬಳಸಬಹುದು, ಇಂತಿಷ್ಟು ವರ್ಷದ ನಂತರ ಯಂತ್ರವನ್ನು ನಿಯಮದಂತೆ ಲೆಕ್ಕದಿಂದ ತೆಗೆಯಬಹುದು ಎಂದು ಅದರಲ್ಲಿ ಸ್ಪಷ್ಟವಾಗಿರಲಿ.

ಕನ್ನಡದಲ್ಲಿ ಕೆಲಸ ಮಾಡಲು ತೊಂದರೆ ಇದೆಯೇ?

ಇಂದು ಮೊದಲಿನಷ್ಟಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಫಾಂಟ್ ಬಂತು. ಬರಹ ಮತ್ತು ನುಡಿ ತಂತ್ರಾಂಶಗಳು ಕನ್ನಡಿಗರ ಕೈ ಹಿಡಿದು ನಡೆಸಿದವು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದಿಗೂ ನಮ್ಮಲ್ಲಿ ಹೆಚ್ಚು ರೂಢಿಯಲ್ಲಿದೆ. ಕಗಪ ಎಂಬ ಹೆಸರಿನಲ್ಲಿ ಅದು ಲಿನಕ್ಸ್‌ನಲ್ಲೂ ಸಿಗುತ್ತದೆ. ಉಳಿದಿರುವ ತೊಂದರೆ ಎಂದರೆ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು: ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಹೊಸದಾಗಿ ಕಲಿಸುವವರು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಕಲಿಸಬೇಕು. ದೃಷ್ಟಿದೋಷವಿರುವವರಿಗಾಗಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಕನ್ನಡವನ್ನು ಓದಿ ಹೇಳುತ್ತದೆ. ವಿಂಡೋಸ್ ಇರುವ ಪ್ರತಿ ಯಂತ್ರದಲ್ಲೂ ಅದನ್ನು ಹಾಕಿಡಿ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಕರಾವಳಿಯ ಮಗು ತುಳುವನ್ನೋ ಬ್ಯಾರಿಯನ್ನೋ ಮಾತಾಡುತ್ತದೆ, ಅವರಿಗೆ ಕನ್ನಡವೂ ಶಾಲೆಯಲ್ಲಿ ಕಲಿತ ಭಾಷೆಯೇ ಎಂಬುದು ಕಲಿಸುವವರ ಗಮನದಲ್ಲಿರಲಿ.

ಇಂಟರ್ನೆಟ್ ಇಲ್ಲದಿದ್ದರೆ ಕಂಪ್ಯೂಟರ್‌ನಿಂದ ಪ್ರಯೋಜನವಿದೆಯೇ?

ಖಂಡಿತ ಇದೆ. ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು, ಈಗ ಅದರ ಹೆಸರು ಭಾರತ್‌ನೆಟ್. ಆದರೆ ಪಂಚಾಯಿತಿ ಕಟ್ಟಡಕ್ಕೆ ತಂತಿ ಬಂದರೂ ಎರಡು ಮೈಲಿ ಆಚೆಯ ಶಾಲೆಗೆ ಬರುವುದು ಬೇರೆಯೇ ಕೆಲಸ. ಅಲ್ಲಿಯವರೆಗೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಬಹುದು. ಕೊಲಿಬ್ರಿಯಂಥ ತಂತ್ರಾಂಶದಲ್ಲಿ ಪಾಠ, ವೀಡಿಯೊ, ಅಭ್ಯಾಸಗಳನ್ನು ತುಂಬಿ ಒಂದೇ ಯಂತ್ರದಿಂದ ಇಡೀ ಕೋಣೆಗೆ ಹಂಚಬಹುದು.

ಕಂಪನಿಗಳು ಬಿಟ್ಟುಕೊಡುವ ಹಳೆಯ ಕಂಪ್ಯೂಟರ್ ತೆಗೆದುಕೊಳ್ಳಬಹುದೇ?

ಆರಿಸಿ ತೆಗೆದುಕೊಳ್ಳಿ. ಒಂದೇ ಮಾದರಿಯ ಹತ್ತು ಯಂತ್ರಗಳು ಹತ್ತು ಬಗೆಯ ಇಪ್ಪತ್ತಕ್ಕಿಂತ ಮೇಲು, ಏಕೆಂದರೆ ಕೆಟ್ಟ ಒಂದರ ಭಾಗಗಳು ಉಳಿದ ಒಂಬತ್ತಕ್ಕೆ ಆಗುತ್ತವೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್‌ನಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್) ಹಾಕಿದರೆ ಯಂತ್ರದ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ, ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ರ ಷರತ್ತುಗಳನ್ನು ಪೂರೈಸುವುದಿಲ್ಲ. ಅಂಥವಕ್ಕೆ ಲಿನಕ್ಸ್ ಹಾಕಿ ಕೊಡುವುದು ಸರಿಯಾದ ದಾರಿ. ಕೇರಳದ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಂಥ ಸ್ವತಂತ್ರ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ. ಆನ್ ಆಗದ, ಗುಜರಿಗೆ ಹೋಗಬೇಕಾದ ಯಂತ್ರಗಳನ್ನು ದಾನವೆಂದು ಕಳಿಸುವುದು ಹಳ್ಳಿಗೆ ಇ-ತ್ಯಾಜ್ಯ ಸಾಗಿಸಿದಂತೆ. ಅದನ್ನು ನಮ್ರವಾಗಿ, ಆದರೆ ಖಚಿತವಾಗಿ ನಿರಾಕರಿಸಿ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಕಂಪ್ಯೂಟರ್ ಏಕೆ?

ಮನೆಯ ಒಂದೇ ಸ್ಮಾರ್ಟ್‌ಫೋನ್ ಹೆಚ್ಚಾಗಿ ಅಪ್ಪನ ಅಥವಾ ಅಣ್ಣನ ಜೇಬಿನಲ್ಲಿರುತ್ತದೆ. ಅದರಲ್ಲಿ ನೋಡುವುದು, ಕೇಳುವುದು, ಹಣ ಕಳಿಸುವುದು ಸುಲಭ. ನಾಲ್ಕು ಪುಟದ ಅರ್ಜಿ ತುಂಬುವುದು, ಸ್ವಸಹಾಯ ಸಂಘದ ಲೆಕ್ಕ ಇಡುವುದು, ಪ್ರೋಗ್ರಾಂ ಬರೆಯುವುದು ಕಷ್ಟ. ಉದ್ಯೋಗಕ್ಕೆ ಕೇಳುವ ಕೌಶಲಗಳು ಇಂದಿಗೂ ಕೀಲಿಮಣೆಯ ಮುಂದೆ ಕುಳಿತು ಕಲಿಯುವಂಥವು.

ಹೆಣ್ಣುಮಕ್ಕಳು ಬರುವಂತೆ ಮಾಡುವುದು ಹೇಗೆ?

ಜಾಗ ಮತ್ತು ಸಮಯ ಇದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಬಸ್ ನಿಲ್ದಾಣದ ಪಕ್ಕದ, ಹುಡುಗರು ಗುಂಪುಗೂಡುವ ಕೋಣೆಗೆ ಅವರು ಬರುವುದಿಲ್ಲ. ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರ, ಶಾಲೆ, ಅಂಗನವಾಡಿಯ ನೆರೆಯ ಕಟ್ಟಡ ಉತ್ತಮ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗೃಹಿಣಿಯರಿಗೆ, ಸಂಜೆ ಕತ್ತಲಾಗುವ ಮೊದಲಿನ ಒಂದು ಗಂಟೆ ಹುಡುಗಿಯರಿಗೆ ಎಂದು ಬರೆದು ಗೋಡೆಗೆ ಅಂಟಿಸಿದರೆ, ಕೇಳಿ ಪಡೆಯಬೇಕಾದ ಮುಜುಗರ ಅವರಿಗೆ ಇರುವುದಿಲ್ಲ. ನಡೆಸುವವರು ಊರಿನ ಹೆಣ್ಣುಮಗಳೇ ಆಗಿದ್ದರೆ ತಾಯಂದಿರು ಮಕ್ಕಳನ್ನು ನಿಶ್ಚಿಂತೆಯಿಂದ ಕಳಿಸುತ್ತಾರೆ. ಇದೇ ಎಚ್ಚರ ಜಾತಿಯ ವಿಷಯದಲ್ಲೂ ಬೇಕು: ಕೆಲವರು ಒಳಗೆ ಕಾಲಿಡಲು ಹಿಂಜರಿಯುವ ಜಾಗದಲ್ಲಿ ಕಂಪ್ಯೂಟರ್ ಇಡಲು ಒಪ್ಪಲೇಬಾರದು.

ನಮ್ಮ ಬಳಿ ಒಂದು ಲಕ್ಷ ರೂಪಾಯಿ ಇದೆ. ಎಷ್ಟು ಕಂಪ್ಯೂಟರ್ ಕೊಳ್ಳಬೇಕು?

ಎರಡು, ಹೆಚ್ಚೆಂದರೆ ಮೂರು ಲ್ಯಾಪ್‌ಟಾಪ್, ಅದೂ ಸರಿಪಡಿಸಿದ ಹಳೆಯವು. ಉಳಿದ ಹಣದ ಒಂದು ಭಾಗದಿಂದ ಬ್ಯಾಟರಿ, ಅರ್ತಿಂಗ್, ಬಿಡಿಭಾಗ ಮತ್ತು ತರಬೇತಿಯ ಖರ್ಚು ಕಳೆಯಲಿ. ಮಿಕ್ಕದ್ದನ್ನು ಸಮಿತಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟು ಇಂಟರ್ನೆಟ್‌ಗೂ ಮೂರನೆಯ ವರ್ಷದ ಹೊಸ ಬ್ಯಾಟರಿಗೂ ಕಾಯ್ದಿರಿಸಿ. ಕೊಳ್ಳುವ ಮೊದಲು ಒಂದು ಸಂಜೆ ಊರಿಗೆ ಹೋಗಿ, ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದನ್ನು ಎಲ್ಲರೆದುರು ಕೇಳಿ ಬರೆದುಕೊಳ್ಳಿ.